ಹೆಸರು ಹಾಕಿಸಿದ ಗಿಟಾರು

ನನ್ನ ಮೊದಲ ಸಿಗ್ನೇಚರ್ ಗಿಟಾರು ಬಸವೇಶ್ವರನಗರದ ನಮ್ಮ ಮನೆಗೆ ಬಂದ ದಿನ ಹೆಂಡತಿ ಕೇಳಿದ್ದು "ಎಷ್ಟಾಯ್ತು?" ಎಂದು. ಅದು ನಿರೀಕ್ಷಿಸಿದ್ದೇ. ಉತ್ತರವನ್ನು ಮೆಟ್ರೋದಲ್ಲಿ ಬರುವಾಗಲೇ ಸಿದ್ಧ ಮಾಡಿಕೊಂಡಿದ್ದೆ, ಸ್ವಲ್ಪ ಇಳಿಸಿ. ಅಮ್ಮನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಿಟಾರಿನ ತಲೆಯ ಮೇಲೆ ಓರೆಯಾಗಿ ಬರೆದಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದಳು. ಆಮೇಲೆ, "ಇದ್ಯಾರ್ದೋ? ವಾಪಸ್ ಯಾವಾಗ ಕೊಡ್ಬೇಕು?" ಎಂದಳು.

ಅವಳ ಲೆಕ್ಕದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಅಮ್ಮನ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಹುಡುಕಿದರೂ ಸಿಗುವುದಿಲ್ಲ. ಡಬರಿ, ತಟ್ಟೆ, ಲೋಟ, ಕೊನೆಗೆ ಸೌಟಿನ ಹಿಡಿಯ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು. ಪಾತ್ರೆ ಅಂಗಡಿಯಲ್ಲಿ ಏನು ಕೊಂಡರೂ, ಗುರ್ರೆನ್ನುವ ಪುಟ್ಟ ಮಿಷನ್ನು ಹಿಡಿದು ಕೂತಿರುವವನ ಮುಂದೆ ನಿಂತು ಹೆಸರು ಹಾಕಿಸಿಕೊಂಡೇ ಅವಳು ಹೊರಗೆ ಬರುವುದು. ಸತ್ಯನಾರಾಯಣ ಪೂಜೆ, ನಾಮಕರಣ, ಸೀಮಂತ ಅಂತ ನಮ್ಮ ಬೀದಿಯಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಯಾವುದು ಯಾರದು ಎಂಬ ಜಗಳ ಬಂದಾಗ ಪಾತ್ರೆ ಬೋರಲು ಹಾಕಿ ಹೆಸರು ನೋಡುತ್ತಾರೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಹೀಗಾಗಿ ನಮ್ಮ ಮನೆಯ ವಸ್ತುವಿನ ಮೇಲೆ ಬೇರೆಯವರ ಹೆಸರಿದೆ ಎಂದರೆ ಅದಕ್ಕೆ ಒಂದೇ ಅರ್ಥ.

"ಹಾಗಲ್ಲಮ್ಮ, ಇದು ನಂದೇ. ಸಿಗ್ನೇಚರ್ ಗಿಟಾರು ಅಂತಾರೆ. ಅವರು ದೊಡ್ಡ ಕಲಾವಿದರು. ಅವರಿಗೆ ಬೇಕಾದ ಹಾಗೆ ಕಂಪನಿಯೋರು ಒಂದು ಮಾಡ್ಕೊಟ್ರು. ಅದೇ ಥರದ್ದನ್ನ ನಮ್ಮಂಥೋರಿಗೂ ಮಾರ್ತಾರೆ."

"ಅವರಿಗೆ ಬೇಕಾದ ಹಾಗಿದ್ರೆ ಅವರಿಟ್ಕೋಬೇಕಪ್ಪ. ನಿನಗ್ಯಾಕೆ?"

ಈ ಪ್ರಶ್ನೆಗೆ ನಾನು ಇಷ್ಟು ವರ್ಷ ಉತ್ತರ ಕೊಡುತ್ತಲೇ ಇದ್ದೇನೆ. ಅಮ್ಮನಿಗೆ ಮಾತ್ರವಲ್ಲ, ಕಾಲೇಜಿನ ಸ್ಟಾಫ್ ರೂಮಿನಲ್ಲೂ. ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವನು. ಐವತ್ತು ಹತ್ತಿರ ಬಂದ ಮೇಲೂ ಗಿಟಾರು ಹುಚ್ಚು ಬಿಡದವನು ಎಂದು ಅಲ್ಲಿ ಪ್ರಸಿದ್ಧ. ಎಲ್ಲರಿಗೂ ಹೊಂದಲಿ ಎಂದು ಮಾಡಿದ ಗಿಟಾರು ದರ್ಶಿನಿಯ ಸಾಂಬಾರಿನ ಹಾಗೆ ಇರುತ್ತದೆ. ಯಾರೂ ಬೈಯುವುದಿಲ್ಲ, ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಸಿಗ್ನೇಚರ್ ಗಿಟಾರಿನಲ್ಲಿ ಒಬ್ಬ ಮನುಷ್ಯನ ಹಟ ಇರುತ್ತದೆ. ನನ್ನ ಮೊದಲನೆಯ ಕೆಂಪು ಗಿಟಾರನ್ನೇ ನೋಡಿ: ಬೇರೆ ಗಿಟಾರುಗಳಲ್ಲಿ ಸದ್ದು ಹೊಂದಿಸುವ ತಿರುಗುವ ಗುಂಡಿಗಳು ಮೂರಿದ್ದರೆ ಇದರಲ್ಲಿ ಒಂದೇ. ಜೋರಾಗಿ ನುಡಿಸುವಾಗ ಕಿರುಬೆರಳು ತಗುಲಿ ಕಿರಿಕಿರಿಯಾಗುತ್ತದೆಂದು ಆ ಕಲಾವಿದ ಉಳಿದೆರಡನ್ನು ತೆಗೆಸಿಬಿಟ್ಟನಂತೆ. ನನ್ನ ಕಿರುಬೆರಳು ಯಾವತ್ತೂ ಅಲ್ಲಿಗೆ ಹೋಗುವುದಿಲ್ಲ. ಆದರೂ ಆ ಎರಡು ಗುಂಡಿಗಳಿಲ್ಲದ ಜಾಗ ನೋಡಿದಾಗಲೆಲ್ಲ, ಎಲ್ಲೋ ಒಬ್ಬ ಮಹಾಶಯ ಕಂಪನಿಯವರ ಜೊತೆ ಕೂಗಾಡಿ ಗೆದ್ದ ಜಾಗ ಇದು ಎಂದು ಖುಷಿಯಾಗುತ್ತದೆ.

ಎರಡನೆಯದು ಕೆನೆಬಣ್ಣದ್ದು. ಅದರ ಕಲಾವಿದನ ಕೈ ದೊಡ್ಡದು, ಹಾಗಾಗಿ ಎಡಗೈ ಹಿಡಿಯುವ ಉದ್ದನೆಯ ಭಾಗ, ಅಂದರೆ ನೆಕ್ಕು, ಒಳ್ಳೆ ಮಂಗಳೂರು ಸೌತೆಕಾಯಿಯಷ್ಟು ದಪ್ಪ. ನನ್ನ ಕೈ ಚಿಕ್ಕದು. ಮೊದಲ ತಿಂಗಳು ಹೆಬ್ಬೆರಳು ಊದಿಕೊಂಡು ಸೀಮೆಸುಣ್ಣ ಹಿಡಿಯಲು ಆಗುತ್ತಿರಲಿಲ್ಲ. ಆದರೆ ನೋಯುತ್ತಿದ್ದ ಆ ಹೆಬ್ಬೆರಳಿನಲ್ಲೂ ಒಂದು ಜಂಭ ಇತ್ತು. ಇಷ್ಟು ದಪ್ಪದ್ದನ್ನು ಹಿಡಿದೇ ಅಲ್ಲವೇ ಅವನು ಹಾಗೆ ನುಡಿಸಿದ್ದು! ಇನ್ನು ನಾನು ಹಿಡಿದುಕೊಂಡರೆ ಅದರಲ್ಲಿ ಒಂದಿಷ್ಟಾದರೂ ನನ್ನ ಕೈಗೆ ಬರಬೇಡವೇ? ಎಲ್ಲ ಸಿಗ್ನೇಚರ್ ಗಿಟಾರುಗಳ ವ್ಯಾಪಾರ ನಡೆಯುವುದು ಈ ಒಂದು ಆಸೆಯ ಮೇಲೆ. ಗೊತ್ತಿದ್ದೂ ಬಿದ್ದವನು ನಾನು.

ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ನಾನು ಆ ದೊಡ್ಡ ಕಲಾವಿದರ ಸ್ವರಗಳನ್ನು ನುಡಿಸಲು ಹೋಗಿ ಎಡವಿದಾಗ ಟಿವಿಯಿಂದ ಕಣ್ಣು ಕೀಳದೆ, "ಸಿಗ್ನೇಚರ್ ಟ್ಯಾಲಿ ಆಗ್ತಿಲ್ಲ ರೀ, ಚೆಕ್ ವಾಪಸ್," ಎನ್ನುತ್ತಾಳೆ. ಅಮ್ಮ ಅಷ್ಟೂ ಹೇಳುವುದಿಲ್ಲ. ಮೂವತ್ತು ವರ್ಷಗಳಿಂದ ನನ್ನ ಸಂಗೀತದ ಬಗ್ಗೆ ಅವಳ ವಿಮರ್ಶೆ ಒಂದೇ ಸಾಲಿನದು: "ಸ್ವಲ್ಪ ಸೌಂಡ್ ಕಮ್ಮಿ ಮಾಡೋ, ಕುಕ್ಕರ್ ಕೂಗಿದ್ದು ಕೇಳಿಸಲ್ಲ."

ಈ ಎರಡು ಗಿಟಾರುಗಳಿದ್ದರೂ ನನ್ನ ಮನಸ್ಸು ನೆಟ್ಟಿದ್ದು ಮೂರನೆಯದರ ಮೇಲೆ. ಹದಿನಾರನೆಯ ವಯಸ್ಸಿನಲ್ಲಿ ರಾಜಾಜಿನಗರದ ಒಂದು ಕ್ಯಾಸೆಟ್ ಅಂಗಡಿಯ ಗಾಜಿನ ಹಿಂದೆ ಅದರ ಚಿತ್ರ ನೋಡಿದ್ದೆ. ಸಮುದ್ರದ ಹಸಿರು ಬಣ್ಣ, ಅದನ್ನು ಎದೆಗೆ ಒತ್ತಿಕೊಂಡು ಕಣ್ಣುಮುಚ್ಚಿ ನಿಂತ ಒಬ್ಬ ಸಪೂರ ಮನುಷ್ಯ. ಆ ಕ್ಯಾಸೆಟ್ಟನ್ನು ಕೊಂಡು, ಒಂದೊಂದು ಸಾಲನ್ನೂ ಹಿಂದಕ್ಕೆ ಮುಂದಕ್ಕೆ ಓಡಿಸಿ ಓಡಿಸಿ ಕಲಿತೆ. ಟೇಪು ಸವೆದು ಒಂದು ಜಾಗದಲ್ಲಿ ಹಾಡೇ ಮಾಯವಾಯಿತು. ಅವನ ಹಾಗೆ ನುಡಿಸಬೇಕು, ಬಾಗಿಲಾಚೆ ನಿಂತವರು ಅವನೇ ನುಡಿಸುತ್ತಿದ್ದಾನೆ ಎಂದುಕೊಳ್ಳಬೇಕು, ಅಷ್ಟಾದರೆ ಸಾಕು ಎನ್ನಿಸುತ್ತಿತ್ತು. ನಾನು ದುಡಿಯಲು ಶುರುಮಾಡುವ ಹೊತ್ತಿಗೆ ಕಂಪನಿಯವರು ಆ ಹಸಿರು ಗಿಟಾರನ್ನು ಮಾಡುವುದನ್ನೇ ನಿಲ್ಲಿಸಿದ್ದರು.

ಅಂಥದ್ದೊಂದು ಇಲ್ಲೇ ನಮ್ಮೂರಿನ ಅಂಚಿನ ಉಲ್ಲಾಳದಲ್ಲಿದೆ ಎಂದು ಗೊತ್ತಾದದ್ದು ಗಿಟಾರು ಹುಚ್ಚರ ಒಂದು ವಾಟ್ಸಾಪ್ ಗುಂಪಿನಿಂದ. ಸುದ್ದಿ ಓದಿದ ಭಾನುವಾರವೇ ಹೊರಟೆ. ಹೇರೋಹಳ್ಳಿ ಕಡೆಯಿಂದ ಹೋದರೆ ಹತ್ತಿರ ಎಂದವರು ಯಾರೋ ಸ್ಕೂಟರಿನಲ್ಲಿ ಹೋದವರಂತೂ ಅಲ್ಲ. ಉಲ್ಲಾಳ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬೇರೆ, ಸ್ಕೂಟರು ಬೇರೆ ಆಗಿದ್ದವು. ಗಿಟಾರಿನ ಯಜಮಾನರು ನನ್ನದೇ ವಯಸ್ಸಿನವರು, ಅಲ್ಲಿಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದ ಜಾಗದಲ್ಲಿ ಈಗ ಅವರ ಮೂರಂತಸ್ತಿನ ಮನೆ. ಮಹಡಿಯ ಮೇಲೆ ಗಾಜಿನ ಬೀರುವಿನೊಳಗೆ ಗಿಟಾರುಗಳು ಸಾಲಾಗಿ ನಿಂತಿದ್ದವು, ಎಲ್ಲವೂ ಯಾರಾದರೊಬ್ಬ ಕಲಾವಿದನ ಹೆಸರಿನವೇ.

"ನೀವು ಯಾವ ಶೈಲಿ ನುಡಿಸ್ತೀರಿ ಸಾರ್?" ಎಂದು ಕೇಳಿದೆ.

"ಅಯ್ಯೋ, ನಂಗೆ ನುಡ್ಸಕ್ಕೆ ಬರಲ್ಲ ಸಾರ್. ಕಾಲೇಜಲ್ಲಿದ್ದಾಗ ಹಾಡು ಕೇಳ್ಕೊಂಡೇ ಇರ್ತಿದ್ದೆ. ಆಗ ಕೊಡ್ಸೋರು ಯಾರೂ ಇರ್ಲಿಲ್ಲ. ಈಗ ಭಾನುವಾರ ಒಂದೊಂದನ್ನೇ ಈಚೆ ತೆಗೆದು ಒರೆಸ್ತೀನಿ. ಒರೆಸ್ತಾ ಅವರ ಹಾಡು ಹಾಕ್ಕೋತೀನಿ. ಅಷ್ಟೇ ಸಾಕು ನಂಗೆ."

ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇತ್ತು. ನನಗೆ ಆ ಕ್ಷಣವೇ ಆ ಮನುಷ್ಯ ಇಷ್ಟವಾದರು. ಬೀರುವಿನ ಮಧ್ಯದಲ್ಲಿ ಹಸಿರು ಗಿಟಾರು ನಿಂತಿತ್ತು. ಅದರ ಪಕ್ಕ ಒಂದು ಖಾಲಿ ಜಾಗ. ಅದು ಯಾವುದಕ್ಕೆ ಎಂದು ಕೇಳಿದರೆ, ನನ್ನ ಮನೆಯಲ್ಲಿರುವ ಆ ಕೆನೆಬಣ್ಣದ್ದಕ್ಕೇ ಇಟ್ಟಿದ್ದಾರೆ! ಅವರು ಹುಡುಕದ ಊರಿಲ್ಲವಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಫಿ ಮುಗಿಯುವುದರೊಳಗೆ ಮಾತು ಮುಗಿಯಿತು: ಅವರ ಹಸಿರು ನನಗೆ, ನನ್ನ ಕೆನೆ ಅವರಿಗೆ. ಮುಂದಿನ ಭಾನುವಾರ ಅವರೇ ನಮ್ಮ ಮನೆಗೆ ತರುವುದು. ಷರತ್ತು ಒಂದೇ. "ಗಾಜಿನೊಳಗೆ ಇಡೋದಲ್ವಾ ಸಾರ್, ಒಂದು ಗೀರೂ ಇರಬಾರ್ದು."

ಒಂದು ಗೀರೂ ಇಲ್ಲ ಎಂದು ಆಣೆ ಮಾಡುವುದೊಂದು ಬಾಕಿ. ಮನೆಗೆ ಬಂದವನೇ ಮೆತ್ತನೆಯ ಬಟ್ಟೆಯಲ್ಲಿ ಕೆನೆಬಣ್ಣದ್ದನ್ನು ಒರೆಸಿ, ಅದರ ಚೀಲದೊಳಗೆ ಮಲಗಿಸಿದೆ. ಇಷ್ಟು ಸಡಗರ ಏನೆಂದು ಅಮ್ಮ ಕೇಳಿದಳು.

"ಭಾನುವಾರ ಉಲ್ಲಾಳದಿಂದ ಒಬ್ಬರು ಬರ್ತಾರಮ್ಮ. ಅವರ ಹತ್ರಾನೂ ಇಂಥದ್ದೇ ಒಂದಿದೆ. ಎರಡೂ ಅದಲು ಬದಲಾಗತ್ತೆ," ಎಂದೆ, ಖುಷಿಯಲ್ಲಿ.

ನನ್ನ ಎಡವಟ್ಟು ಇಲ್ಲಿಯೇ ಆದದ್ದು. ಅದಲು ಬದಲು ಮಾಡಿಕೊಳ್ಳುತ್ತೇವೆ ಎನ್ನಬೇಕಾಗಿತ್ತು. ಅದಲು ಬದಲಾಗುತ್ತದೆ ಎಂದುಬಿಟ್ಟೆ. ಅಮ್ಮನ ಪ್ರಪಂಚದಲ್ಲಿ ಅದಲು ಬದಲಾಗುವುದು ಎಂದರೆ ಪೂಜೆ ಮುಗಿದ ಮೇಲೆ ನಮ್ಮ ಹೊಸ ಡಬರಿ ಪಕ್ಕದ ಮನೆಗೆ ಹೋಗಿ ಅವರ ತಳ ನೆಗ್ಗಿದ ಡಬರಿ ನಮಗೆ ಬರುವುದು. ಅಂಥ ಗಂಡಾಂತರ ಬರುತ್ತಿದೆ ಎಂದು ಗೊತ್ತಿದ್ದೂ ಅವಳು ಸುಮ್ಮನೆ ಕೂರುವವಳಲ್ಲ.

ಶುಕ್ರವಾರ ನಾನು ಕಾಲೇಜಿನಿಂದ ಬಂದಾಗ ಅಮ್ಮ ಸೋಫಾದ ಮೇಲೆ ಕಾಲು ನೀಡಿ ಕುಳಿತಿದ್ದಳು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಸಮಾಧಾನ.

"ಇನ್ನು ಧೈರ್ಯವಾಗಿ ಕೊಡು. ಅದಲು ಬದಲಾಗಲ್ಲ. ನಿನ್ನ ಹೆಸರು ಹಾಕಿಸ್ಕೊಂಡ್ ಬಂದಿದೀನಿ."

"ಯಾವುದರ ಮೇಲೆ?"

"ಅದೇ ನಿನ್ನ ಗಿಟಾರು. ಆಟೋದಲ್ಲಿ ಹೋಗಿದ್ದೆ ರಾಜಾಜಿನಗರಕ್ಕೆ. ಡ್ರೈವರು, 'ಅಜ್ಜಿ, ಗಿಟಾರ್ ಕ್ಲಾಸಿಗಾ?' ಅಂತ ಕೇಳ್ದ. ಹೂಂ ಕಣಪ್ಪ, ಇವತ್ತೇ ಸೇರ್ಕೊಂಡೆ ಅಂದೆ."

ನಾನು ಓಡಿಹೋಗಿ ಚೀಲದ ಜಿಪ್ಪು ಎಳೆದೆ. ಅಮ್ಮ ಹಿಂದಿನಿಂದ ವಿವರ ಕೊಡುತ್ತಲೇ ಇದ್ದಳು. ಮರದ ಮೇಲೆ ಮಿಷನ್ನು ಓಡುವುದಿಲ್ಲ ಎಂದು ಅಂಗಡಿಯವನು ಮೊದಲು ಒಪ್ಪಲಿಲ್ಲವಂತೆ. ಅಮ್ಮ ಬಿಟ್ಟಾಳೆಯೇ? ಪಾತ್ರೆ ಬೋರಲು ಹಾಕುವ ಹಾಗೆ ಗಿಟಾರನ್ನು ಬೋರಲು ಹಾಕಿದಳಂತೆ. ಹಿಂಭಾಗದಲ್ಲಿ ನೆಕ್ಕನ್ನು ಮೈಗೆ ಬಿಗಿದಿರುವ ಕಡೆ, ನಾಲ್ಕು ಸ್ಕ್ರೂಗಳ ಒಂದು ಸ್ಟೀಲ್ ಪಟ್ಟಿ ಇರುತ್ತದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. "ಹೆಸರು ಹಾಕಕ್ಕೇ ಅಂತ ಜಾಗ ಬಿಟ್ಟಿದಾರೆ ನೋಡಪ್ಪ, ಅಂದೆ," ಎಂದಳು. ಅಲ್ಲಿತ್ತು ನನ್ನ ಹೆಸರು, ಇನಿಷಿಯಲ್ ಸಮೇತ, ದುಂಡನೆಯ ಕನ್ನಡ ಅಕ್ಷರಗಳಲ್ಲಿ, ನಮ್ಮ ಮನೆಯ ನೀರಿನ ಚೊಂಬಿನ ಮೇಲಿರುವ ಹಾಗೆಯೇ.

ನನಗೆ ಕೋಪ ಬಂತು. ಬಾಯಿಗೆ ಬಂದದ್ದನ್ನು ಅಂದೆ. ಇದು ಪಾತ್ರೆಯಲ್ಲ, ಇಂಥದ್ದು ಊರೆಲ್ಲ ಹುಡುಕಿದರೂ ಸಿಗುವುದಿಲ್ಲ, ಮೂವತ್ತು ವರ್ಷದ ಆಸೆಗೆ ನೀರು ಬಿಟ್ಟೆ ಎಂದು ಕೂಗಾಡಿದೆ. ಹೆಂಡತಿ ಬ್ಯಾಂಕಿನಿಂದ ಬಂದು ವಿಷಯ ತಿಳಿದು ನಗಲು ಶುರುಮಾಡಿದವಳು ಬಾಗಿಲಲ್ಲೇ ಕುಳಿತುಬಿಟ್ಟಳು. ಅಮ್ಮ ನಗಲಿಲ್ಲ. "ನಿನ್ನ ವಸ್ತು ಮೇಲೆ ನಿನ್ನ ಹೆಸರಿದ್ರೆ ಏನೋ ತಪ್ಪು?" ಎಂದು ಒಂದು ಮಾತು ಕೇಳಿ ಒಳಗೆ ಹೋದಳು. ಹುಳಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು ಅವತ್ತು. ನಾವು ಮೂವರೂ ಹಾಗೆಯೇ ಉಂಡೆವು.

ಉಲ್ಲಾಳಕ್ಕೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬರ್ತೀನಿ ಬಿಡಿ ಸಾರ್, ನೋಡೋಣ," ಎಂದರು. ನೋಡೋಣ ಎಂಬ ಮಾತಿಗೆ ನಮ್ಮ ಕಡೆ ಎಷ್ಟು ಅರ್ಥಗಳಿವೆ ಎಂದು ಶನಿವಾರ ಪೂರ್ತಿ ಯೋಚಿಸಿದೆ.

ಭಾನುವಾರ ಬೆಳಿಗ್ಗೆ ಅವರು ಹಸಿರು ಗಿಟಾರನ್ನು ಬೆನ್ನಿಗೆ ಹಾಕಿಕೊಂಡೇ ಬಂದರು. ಕೆನೆಬಣ್ಣದ್ದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಂಭಾಗವನ್ನೆಲ್ಲ ನೋಡಿ, ಮೆಲ್ಲಗೆ ತಿರುಗಿಸಿದರು. ಪಟ್ಟಿಯನ್ನು ಓದಿದರು. ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ಮಮ್ಮನೂ ಹಿಂಗೇ ಸಾರ್. ಹಾಲಿನ ಕ್ಯಾನು, ಬಿಂದಿಗೆ, ಒಂದನ್ನೂ ಬಿಡ್ತಿರ್ಲಿಲ್ಲ." ಆಮೇಲೆ ಬೆರಳಿನಿಂದ ಸ್ಕ್ರೂಗಳನ್ನು ಮುಟ್ಟಿ ನೋಡಿ, "ಇದಕ್ಕ್ಯಾಕೆ ಇಷ್ಟು ಹೆದರ್ಕೊಂಡಿದೀರ? ಗಿಟಾರಿಗೆ ಏನೂ ಆಗಿಲ್ಲ. ಪ್ಲೇಟ್ ಒಂದು ಬೇರೆ ಹಾಕಿಸ್ಕೋತೀನಿ, ಇದನ್ನ ನೀವೇ ಇಟ್ಕೊಳ್ಳಿ. ಈಗ್ಲೇ ಬಿಚ್ಚಿಬಿಡ್ತೀನಿ. ಅಲ್ಲಿವರ್ಗೂ ನೀವು ನಿಮ್ಮ ಗಿಟಾರು ನುಡಿಸ್ತಾ ಇರಿ," ಎಂದರು.

ನಿಮ್ಮ ಗಿಟಾರು! ಆ ಮಾತು ಕೇಳಿ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಅವರು ತಂತಿಗಳನ್ನು ಸಡಿಲಿಸಿ ಸ್ಕ್ರೂ ಬಿಚ್ಚುತ್ತಾ ಕುಳಿತರು. ನಾನು ಹಸಿರು ಗಿಟಾರನ್ನು ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡೆ. ನೆಕ್ಕು ತೆಳ್ಳಗೆ, ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಹದಿನಾರಕ್ಕೆ ಕಲಿತ ಆ ಸಾಲನ್ನೇ ನುಡಿಸಿದೆ. ಒಂದೂ ತಪ್ಪಲಿಲ್ಲ. ಆ ಕ್ಯಾಸೆಟ್ಟಿನೊಳಗಿನ ಅದೇ ಧ್ವನಿ, ಸ್ವಲ್ಪ ಮೂಗಿನಲ್ಲಿ ಹಾಡಿದಂಥ, ಹೊಳಪಿನ ಧ್ವನಿ ನಮ್ಮ ನಡುಮನೆಯಲ್ಲಿ ತುಂಬಿಕೊಂಡಿತು. ಉಲ್ಲಾಳದವರು ಸ್ಕ್ರೂಡ್ರೈವರನ್ನು ಹಾಗೇ ಹಿಡಿದು ತಲೆಯೆತ್ತಿ ಕೇಳಿದರು. ನನ್ನ ಕಣ್ಣು ತೇವವಾಗಿತ್ತು. ಅಷ್ಟು ಸಂತೋಷವಾಗಿತ್ತು ನನಗೆ.

ಅಷ್ಟರಲ್ಲಿ ಅಮ್ಮ ಕಾಫಿ ತಟ್ಟೆ ಹಿಡಿದು ಬಂದವಳು ನನ್ನ ಕೈಯಲ್ಲಿ ಗಿಟಾರು ನೋಡಿ ನಿಂತಳು.

"ಅಯ್ಯೋ, ನೀನಾ? ನಾನು ಬಂದೋರು ನುಡಿಸ್ತಿದಾರೆ ಅಂದ್ಕೊಂಡೆ."

"ನೋಡಿದ್ರಾ ಸಾರ್," ಎಂದು ಉಲ್ಲಾಳದವರು ಹಿಗ್ಗಿದರು. "ಅಮ್ಮಂಗೇ ಗೊತ್ತಾಗ್ಲಿಲ್ಲ ಅಂದ್ರೆ! ಅದೇ ಈ ಗಿಟಾರಿನ ಗಮ್ಮತ್ತು."

"ಇವನು ನುಡಿಸಿದ್ರೆ ಒಳಗಿಂದ್ಲೇ ಗೊತ್ತಾಗತ್ತೆ ನಂಗೆ," ಅಮ್ಮ ಅವರಿಗೆ ಕಾಫಿ ಕೊಡುತ್ತಾ ಹೇಳಿದಳು. "ಮುಗಿಸೋ ಹೊತ್ತಿಗೆ ಒಂದು ಚೂರು ನಿಲ್ತಾನೆ, ಹೇಳ್ಲೋ ಬೇಡ್ವೋ ಅನ್ನೋ ಹಂಗೆ. ಆಮೇಲೆ ಎಳೀತಾನೆ. ಚಿಕ್ಕೋನಿದ್ದಾಗಿಂದ್ಲೂ ಹಂಗೇ. ಅದು ಬಂತು ಅಂದ್ರೆ ಇನ್ನು ಊಟಕ್ಕೆ ಏಳ್ತಾನೆ ಅಂತ ತಟ್ಟೆ ಹಾಕ್ತೀನಿ. ಇವತ್ತು ಅದು ಬರ್ಲೇ ಇಲ್ಲ."

ಅವಳು ದೂರುತ್ತಲೂ ಇರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನೀರು ಬಂತು, ಕರೆಂಟು ಹೋಯಿತು ಎನ್ನುವ ಹಾಗೆ ಹೇಳಿ, ಟೀಪಾಯಿಯ ಮೇಲೆ ಬಿಚ್ಚಿಟ್ಟಿದ್ದ ಸ್ಟೀಲ್ ಪಟ್ಟಿಯನ್ನು ಕಂಡು, ಎತ್ತಿ ಸೆರಗಿನಲ್ಲಿ ಒರೆಸಿ, ಅಲ್ಲೇ ಇಟ್ಟು ಒಳಗೆ ಹೋದಳು.

ಬೇರೆ ಯಾರೋ ನುಡಿಸುತ್ತಿದ್ದಾರೆ ಎಂದುಕೊಂಡಳಂತೆ ಅಮ್ಮ. ಈ ಮಾತನ್ನು ಒಬ್ಬರ ಬಾಯಿಂದ ಕೇಳಬೇಕೆಂದು ನಾನು ಕ್ಯಾಸೆಟ್ಟು ಸವೆಸಿದ್ದು, ಹೆಬ್ಬೆರಳು ಊದಿಸಿಕೊಂಡದ್ದು. ಈಗ ಕೇಳಿತು. ಕೇಳಿದರೆ ನನಗೆ ಭಯವಾಯಿತು. ನಾನು ಮುಗಿಸುವ ಮುಂಚೆ ಒಂದು ಚೂರು ನಿಲ್ಲುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಗೋಡೆಯಾಚೆ ಕುಕ್ಕರಿನ ಕೂಗಿನ ಜೊತೆಗೆ ಅದನ್ನು ಇಷ್ಟು ವರ್ಷ ಕೇಳಿಸಿಕೊಂಡವಳು ಒಬ್ಬಳೇ. ಅವಳ ವಯಸ್ಸು ಎಂಬತ್ತಕ್ಕೆ ಹತ್ತಿರ. ಅವಳ ಕಿವಿಗೆ ನಾನು ಇನ್ನೊಬ್ಬನಾಗುವುದು ಒಂದು ದಿನಕ್ಕೂ ನನಗೆ ಬೇಡ ಎನ್ನಿಸಿತು. ಎಷ್ಟು ಬೇಡ ಎಂದರೆ, ಹಸಿರು ಗಿಟಾರನ್ನು ತೊಡೆಯಿಂದ ಕೆಳಗಿಳಿಸಿದ್ದು ನನಗೆ ಆಮೇಲೆ ಗೊತ್ತಾಯಿತು.

"ಸಾರ್, ತಪ್ಪು ತಿಳ್ಕೋಬೇಡಿ. ಆ ಪ್ಲೇಟು ವಾಪಸ್ ಹಾಕಿಬಿಡ್ತೀರಾ?"

ಅವರು ನನ್ನನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಅವರ ಬೀರುವಿನ ಖಾಲಿ ಜಾಗ ನನ್ನ ಕಣ್ಣಿಗೆ ಬಂತು, ಸಂಕಟವಾಯಿತು. ಹಸಿರು ಗಿಟಾರು ಮತ್ತೆ ಉಲ್ಲಾಳಕ್ಕೆ ಹೋಗುತ್ತದಲ್ಲ ಎಂದು ಅದಕ್ಕಿಂತ ಹೆಚ್ಚು ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಇವತ್ತಿಗೂ ಆಗುತ್ತದೆ. ಅವರು ಪಟ್ಟಿಯನ್ನು ಅದರ ಜಾಗದಲ್ಲಿಟ್ಟು ನಾಲ್ಕು ಸ್ಕ್ರೂಗಳನ್ನು ಬಿಗಿದರು. ತಂತಿಗಳನ್ನು ನಾನು ಎಳೆದು ಶ್ರುತಿ ಮಾಡಿದೆ.

"ಕಾಫಿ ಇನ್ನೂ ಇದೆ," ಎಂದರು ಅವರು, ಲೋಟ ತೋರಿಸಿ. "ಇದ್ರಲ್ಲೂ ಒಂದ್ಸಲ ನುಡಿಸ್ಬಿಡಿ ಸಾರ್. ಅಮ್ಮ ಅಂದಿದ್ದೇನು ಅಂತ ಕೇಳೋಣ."

ಅದೇ ಸಾಲು. ಕೊನೆಗೆ ಬರುವಾಗ ನಿಲ್ಲಬೇಕೋ ಬೇಡವೋ ಎಂಬ ಯೋಚನೆಯೇ ತಲೆಯಲ್ಲಿ ತುಂಬಿ, ಇನ್ನು ನನ್ನ ಕೈಲಿ ಅದು ಆಗುವುದಿಲ್ಲ, ಗೊತ್ತಾದ ಮೇಲೆ ಕೆಟ್ಟಿತು ಎಂದುಕೊಂಡೆ. ಅಷ್ಟು ಹೊತ್ತಿಗೆ ಬೆರಳುಗಳು ನಿಂತಿದ್ದವು, ಮತ್ತೆ ಹೊರಟಿದ್ದವು. ಉಲ್ಲಾಳದವರು ಕಣ್ಣುಮುಚ್ಚಿ ಕೂತಿದ್ದರು. ಕೊನೆಯ ಸ್ವರ ಇನ್ನೂ ಇಳಿಯುತ್ತಿರುವಾಗಲೇ ಒಳಗಿನಿಂದ ತಟ್ಟೆ ಇಡುವ ಸದ್ದಾಯಿತು. ಹಿಂದೆಯೇ ಅಮ್ಮ ಕೂಗಿ ಹೇಳಿದಳು: "ಹಾಂ, ಇದು ನೀನು. ಅವರಿಗೂ ಇಲ್ಲೇ ಊಟ ಅಂತ ಹೇಳೋ."